ಪಾಲಯ್ಯ ಪಾಸು ಮಾಡಿದ ಕೆಂಪು ಕಾರು

ಪಾಲಯ್ಯ ತೀರಿಕೊಂಡದ್ದು 2019ರ ಜನವರಿಯಲ್ಲಿ, ಹೊಳಲ್ಕೆರೆಯ ಟೈರ್ ಅಂಗಡಿಯ ಹಿಂದಿದ್ದ ತಗಡಿನ ಕೋಣೆಯಲ್ಲಿ, ಮಲಗಿದಲ್ಲೇ. ಮಣ್ಣಿಗೆ ಬಂದವರು ಇಪ್ಪತ್ತು ಜನ ಇರಬಹುದು. ಅವನು ನೋಡಿ, ಕೊಳ್ಳಬಹುದು ಎಂದು ಹೇಳಿದ ಗಾಡಿಗಳು ಅವತ್ತು ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಆ ಊರಿನ ಮುಖ್ಯ ಬೀದಿಯೊಂದರಲ್ಲೇ ಓಡಾಡುತ್ತಿದ್ದವು.

ಅವನ ಬಗ್ಗೆ ಈಗ ಜನರಿಗೆ ನೆನಪಿರುವುದು ಒಂದೇ. ಕೆಂಪು ಕಾರಿನ ವಿಷಯದಲ್ಲಿ ಪಾಲಯ್ಯ ಎಡವಿದ ಎನ್ನುತ್ತಾರೆ. ಎಡವಿದ್ದು ನಿಜ. ಎಡವಿದ ಮೇಲೆ ಏನು ಮಾಡಿದ ಎನ್ನುವುದು ಗೊತ್ತಿರುವವರು ಕಡಿಮೆ. ಗೊತ್ತಿದ್ದವರೂ ಅದನ್ನು ನಗೆಚಟಾಕಿಯ ಹಾಗೆ ಹೇಳುತ್ತಾರೆ.

ಅವನು ಹುಟ್ಟಿದ್ದು ತಾಳ್ಯದ ಪಕ್ಕದ ಹಟ್ಟಿಯಲ್ಲಿ. ಅಪ್ಪ ದೊಡ್ಡತಿಮ್ಮಪ್ಪ ಕುರಿ ನೋಡುವುದರಲ್ಲಿ ಹೆಸರು ಮಾಡಿದವನು. ಸುತ್ತಲ ಹಟ್ಟಿಗಳವರು ಟಗರು ಕೊಳ್ಳುವ ಮುಂಚೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಹಲ್ಲು ನೋಡಿ, ಬೆನ್ನಿನ ಮೇಲೆ ಅಂಗೈ ಎಳೆದು, ಕಿವಿಯ ಗುರುತು ಯಾವ ಹಟ್ಟಿಯದೆಂದು ಕೇಳಿ, ಕೊನೆಗೆ ಅದು ಮಲಗಿ ಎದ್ದ ಜಾಗಕ್ಕೆ ಹೋಗಿ ಹಿಕ್ಕೆ ಕೈಗೆತ್ತಿಕೊಂಡು ಮುರಿದು ನೋಡುತ್ತಿದ್ದ. ಮಾರುವವರ ಹಟ್ಟಿಯಲ್ಲಿ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ. "ಅವರ ಉಪ್ಪು ನಾಲಿಗೆ ಮೇಲೆ ಬಿತ್ತು ಅಂದ್ರೆ ನಾಲಿಗೆ ಅವರ ಕಡೆಗೇ ವಾಲ್ತೈತೆ" ಎನ್ನುತ್ತಿದ್ದ. ಇನ್ನೊಂದು ಮಾತನ್ನೂ ಹೇಳುತ್ತಿದ್ದ: "ಟಗರು ಬೇಕು ಅನ್ನೋನು ಟಗರು ನೋಡಬಾರದು. ಬೇಡ ಅನ್ನೋನು ನೋಡಬೇಕು."

ಪಾಲಯ್ಯ ಕುರಿಯ ಹಿಂದೆ ಹೋಗಲಿಲ್ಲ. ಹದಿನೇಳಕ್ಕೆ ಲಾರಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. ಭೀಮಸಮುದ್ರದ ಅಡಿಕೆ ಹೇರಿಕೊಂಡು ಇಪ್ಪತ್ತು ವರ್ಷ ದೇಶ ತಿರುಗಿದ. ಮಂಡಿ ಸವೆದು ಕ್ಲಚ್ ತುಳಿಯಲು ಆಗದೆ ಹೋದಾಗ ಲಾರಿ ಬಿಟ್ಟು ಇಳಿದ. ಊರಿನವರು ಅವನನ್ನು ಹಳೇ ಗಾಡಿ ನೋಡಲು ಕರೆಯತೊಡಗಿದ್ದು ಆಗಿನಿಂದ. ಮೊದಲು ಜೀಪು, ಮೆಟಡಾರು, ಆಮೇಲೆ ಟ್ರ್ಯಾಕ್ಟರು, ಆಮೇಲೆ ಕಾರು.

ಅವನು ನೋಡುತ್ತಿದ್ದುದು ಅಪ್ಪ ಟಗರು ನೋಡುತ್ತಿದ್ದ ಕ್ರಮದಲ್ಲೇ. ಹೇಳಿದ ದಿನಕ್ಕೆ ಒಂದು ದಿನ ಮುಂಚೆ, ಹೇಳದೆ ಕೇಳದೆ, ಗಾಡಿ ನಿಲ್ಲುವ ಜಾಗಕ್ಕೆ ಹೋಗಿ ನೆಲ ನೋಡುತ್ತಿದ್ದ. ಎಣ್ಣೆ ಎಲ್ಲಿ ತೊಟ್ಟಿಕ್ಕಿದೆ, ಎಷ್ಟು ಹಳೆಯ ಕಲೆ, ಹೊಸದರ ಮೇಲೆ ಮಣ್ಣು ಎಳೆದಿದ್ದಾರಾ? ಮರುದಿನ ಬಂದವನು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದ. ಬಿಸಿ ಇದ್ದರೆ, "ಯಾಕೆ, ನಾನು ಬರೋ ಮುಂಚೇನೇ ಎಬ್ಬಿಸಿದ್ರಾ?" ಎಂದು ಅದು ತಣ್ಣಗಾಗುವವರೆಗೆ ಕುಂತುಬಿಡುತ್ತಿದ್ದ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸುತ್ತಿದ್ದ. ಅದು ಜಾರಿದಲ್ಲಿ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ ಎಂದು ಲೆಕ್ಕ. ಬಾಗಿಲಿನ ಬೋಲ್ಟುಗಳ ತಲೆ ನೋಡುತ್ತಿದ್ದ, ಬಿಚ್ಚಿ ಹಾಕುವಾಗ ಪಾನಾ ಬಿದ್ದು ಬಣ್ಣ ಎದ್ದಿದೆಯಾ ಎಂದು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಸರಿದೂಗಿಸುತ್ತಿದ್ದ. ಅದು ಅವನಿಗೆ ಟಗರಿನ ಕಿವಿ.

ಇಷ್ಟಕ್ಕೆ ಅವನು ತೆಗೆದುಕೊಳ್ಳುತ್ತಿದ್ದುದು ಬಸ್ ಚಾರ್ಜು, ಒಂದು ತೆಂಗಿನಕಾಯಿ, ಎಲೆ ಅಡಿಕೆ. ಮಾರುವವರ ಟೀ ಕುಡಿಯುತ್ತಿರಲಿಲ್ಲ; ಕೊಳ್ಳುವವರ ಮನೆಯಲ್ಲಿ ಊಟಕ್ಕೆ ನಿಲ್ಲುತ್ತಿರಲಿಲ್ಲ. ಮಾರುವವರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಕೊಂಡವರಿಗೆ ಕೊಂಡ ಮೇಲೆ ಅವನ ಅಗತ್ಯ ಇರುತ್ತಿರಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ತಾಲ್ಲೂಕು ಅವನ ಹೆಸರು ಕೇಳಿತ್ತು, ಆದರೆ ಸಂಜೆ ಅವನ ಬಾಗಿಲಿಗೆ ಬಂದು ಕೂರುವವರು ಇರಲಿಲ್ಲ. ಹೆಂಡತಿ ನಿಂಗಕ್ಕ ಇದ್ದಾಗ ಅದು ಅವನಿಗೆ ತಿಳಿದಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. 2009ರಲ್ಲಿ ಅವಳು ಹೋದ ಮೇಲೆ ಬಾಡಿಗೆ ಮನೆ ಬಿಟ್ಟು ಟೈರ್ ಅಂಗಡಿಯ ಹಿಂದಿನ ಕೋಣೆಗೆ ಬಂದ. ಅಂಗಡಿಯ ಯಜಮಾನನ ಹೆಂಡತಿ ತಿಪ್ಪಮ್ಮ ಎರಡು ಹೊತ್ತು ರೊಟ್ಟಿ ಕಳಿಸುತ್ತಿದ್ದಳು. ಮಾತಿಗೆ ಅಷ್ಟೇ ಜನ.

2016ರ ಏಪ್ರಿಲ್‌ನಲ್ಲಿ ಭೀಮಸಮುದ್ರದ ಜಂಪಣ್ಣ ಬಂದ. ಅಡಿಕೆ ವ್ಯಾಪಾರದ ಮನೆತನ, ನಾಲ್ಕು ಜನ ಅಣ್ಣತಮ್ಮಂದಿರ ಒಟ್ಟು ಸಂಸಾರ, ಇವನು ಮೂರನೆಯವನು. ಅವನ ಅಪ್ಪನ ಕಾಲದಲ್ಲಿ ಪಾಲಯ್ಯ ಲಾರಿಯಲ್ಲಿ ಹೇರುತ್ತಿದ್ದದ್ದು ಅವರ ಮಾಲೇ.

"ಪಾಲಣ್ಣ, ಒಂದು ಗಾಡಿ ನೋಡಬೇಕಿತ್ತು."

"ಟ್ರ್ಯಾಕ್ಟ್ರಾ?"

"ಅಲ್ಲ. ಸ್ಪೋರ್ಟ್ಸ್ ಕಾರು. ದುರ್ಗದ ಹೈವೇ ಪಕ್ಕ, ಕಾಟಯ್ಯನ ಯಾರ್ಡಿನಾಗೆ ನಿಂತೈತೆ."

"ಎಷ್ಟು ಜನ ಕುಂತ್ಕಬೋದು?"

"ಇಬ್ರು."

ಪಾಲಯ್ಯ ಅವನ ಮುಖ ನೋಡಿದ. "ನಿಮ್ಮನೇಲಿ ಹದಿನೆಂಟು ಜನ ಅವ್ರಲ್ರಿ ಸಾವ್ಕಾರ್ರೇ."

"ಅದಕ್ಕೇ" ಎಂದ ಜಂಪಣ್ಣ. ಒಂದು ಹಳೇ ಟೈರಿನ ಮೇಲೆ ಕುಳಿತುಕೊಂಡ. "ಯಾವ ಗಾಡಿ ತೆಗೆದ್ರೂ ನಾನು ಕೀ ತಿರುವೋದ್ರೊಳಗೆ ಹಿಂದೆ ನಾಕು ಜನ ಹತ್ತಿರ್ತಾರೆ. ಒಬ್ಬನಿಗೆ ಟ್ಯೂಷನ್ನು, ಒಬ್ಬಳಿಗೆ ಹಲ್ಲು ನೋವು, ಅತ್ತಿಗೆಗೆ ತವರುಮನೆ. ನಲವತ್ತಾರು ವರ್ಷ ಆತು, ಒಂದು ದಿನ ಒಬ್ನೇ ರೋಡಿನ ಮ್ಯಾಲೆ ಹೋಗಿಲ್ಲ."

"ಇನ್ನೊಂದು ಸೀಟಿಗೆ ಮನೆಯೋರು ಬರಲ್ವಾ?"

"ಫೋಟೋ ತೋರಿಸ್ದೆ. ಮಂಚಕ್ಕಿಂತ ಕೆಳಗೈತೆ, ನಾ ಹತ್ತಲ್ಲ ಇಳಿಯಲ್ಲ ಅಂದ್ಳು. ಇನ್ನೊಂದು ಸೀಟು ನಿಂದು ಕಣ. ಭಾನುವಾರ ಭಾನುವಾರ ಹೋಗಾಣ, ಹಿರಿಯೂರು ಗಂಟ. ನೀನು ಲಾರಿ ಕಾಲದ್ದು ಹೇಳ್ತಿರು, ನಾನು ಓಡಿಸ್ತಿರ್ತೀನಿ. ಒಂದು ತಟ್ಟೆ ಇಡ್ಲಿ ತಿಂದು ವಾಪಸ್ ಬರಾಣ. ಬೇರೆ ಯಾರೂ ಬ್ಯಾಡ."

ಜಂಪಣ್ಣ ಅದನ್ನು ತಮಾಷೆಗೆ ಹೇಳಿರಲಿಲ್ಲ. ಪಾಲಯ್ಯನೂ ತಮಾಷೆ ಎಂದು ಕೇಳಿಸಿಕೊಳ್ಳಲಿಲ್ಲ. ಆ ವಾರವೆಲ್ಲ ಅವನಿಗೆ ಭಾನುವಾರದ್ದೇ ಯೋಚನೆ. ಹಿರಿಯೂರಿನಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಇಡ್ಲಿ ಸಿಗುವ ಹೋಟೆಲು ಯಾವುದು, ಜಂಪಣ್ಣನಿಗೆ ಮೊದಲು ಯಾವ ಕತೆ ಹೇಳಬೇಕು, ಲಾರಿ ಘಾಟಿಯಲ್ಲಿ ಹಿಂದಕ್ಕೆ ಜಾರಿದ್ದೋ, ಚೆಕ್‌ಪೋಸ್ಟಿನಲ್ಲಿ ಮೂರು ದಿನ ನಿಂತದ್ದೋ? ಟೈರ್ ಅಂಗಡಿಗೆ ಬಂದವರೊಬ್ಬರನ್ನು, ಆ ಹೋಟೆಲು ಇನ್ನೂ ಇದೆಯಾ ಎಂದು ಕೇಳಿಯೂ ಕೇಳಿದ.

ಒಂದು ದಿನ ಮುಂಚೆ ಹೋಗಿ ನೆಲ ನೋಡಿದ. ಕಲೆ ಇರಲಿಲ್ಲ. ಮರುದಿನ ಜಂಪಣ್ಣನ ಜೊತೆ ಹೋದಾಗ ಬಾನೆಟ್ ತಣ್ಣಗಿತ್ತು. ಕಾರು ಕೆಂಪಗೆ, ನೆಲಕ್ಕೆ ಅಂಟಿಕೊಂಡ ಹಾಗೆ, ಮೂಗು ಚಾಚಿಕೊಂಡು ನಿಂತಿತ್ತು. ಹಳೇ ಕಾರು ಮಾರುವ ಆ ಯಾರ್ಡಿನ ಕಾಟಯ್ಯ ಟೀ ತರಿಸಿದ. ಪಾಲಯ್ಯ ಲೋಟ ಮುಟ್ಟಲಿಲ್ಲ.

"ಅದೇ ಹಳೇ ಚಾಳಿ" ಎಂದ ಕಾಟಯ್ಯ. "ಟೀನಾಗೆ ವಿಷ ಹಾಕಿಲ್ಲ ಪಾಲಣ್ಣ."

"ವಿಷ ಆಗಿದ್ರೆ ಕುಡೀತಿದ್ದೆ. ಸಕ್ಕರೆ ಹಾಕಿರ್ತೀಯಲ್ಲ, ಅದಕ್ಕೆ ಹೆದರಿಕೆ."

ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಬೋಲ್ಟುಗಳ ಬಣ್ಣ ಹಾಗೇ ಇತ್ತು. ಟೈರಿನ ಮೇಲಿನ ನಾಲ್ಕಂಕಿ ಓದಿ ಅದು ಯಾವ ವರ್ಷದ್ದೆಂದು ನೋಡಿದ. ನಾಲ್ಕೂ ಒಂದೇ ತಿಂಗಳವು. ಚಾಸಿಸ್ ಅಚ್ಚು ಆರ್‌ಸಿಗೆ ತಾಳೆಯಾಯಿತು. ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದ್ದ; ಗಾಡಿ ಎಷ್ಟು ಕೈ ದಾಟಿದೆ, ಸಾಲ ಇದೆಯಾ ಎನ್ನುವುದೆಲ್ಲ ಅದರಲ್ಲಿರುತ್ತದೆ. ಮಾಲೀಕರು ಇಬ್ಬರೇ, ಸಾಲ ತೀರಿದೆ. ಸರ್ವಿಸ್ ಪುಸ್ತಕದಲ್ಲಿ ಮಾತ್ರ ಅಕ್ಟೋಬರ್ ಆದ ಮೇಲೆ ಖಾಲಿ ಹಾಳೆ.

"ಇದ್ಯಾಕೆ ಹಿಂಗೆ?"

"ಓನರ್ರು ಫಾರಿನ್ನಿಗೆ ಹೋಗಿದ್ರಂತೆ. ಮದ್ರಾಸಿನಾಗೆ ಮನೆ ಮುಂದೆ ನಿಂತಿತ್ತು. ನಿಂತ ಗಾಡಿ ಅಂತ ಬ್ಯಾಟರಿ, ಎಣ್ಣೆ, ಕಾರ್ಪೆಟ್ ಎಲ್ಲ ಹೊಸದು ಹಾಕ್ಸಿದೀನಿ."

ನಿಂತ ಗಾಡಿಗೆ ಅದು ಸಹಜ. ಪಾಲಯ್ಯ ಬಾಗಿಲು ತೆರೆದು, ಸವೆದ ಮಂಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಾವಿಗೆ ಇಳಿಯುವ ಹಾಗೆ ಒಳಗೆ ಇಳಿದ. ಬಾಗಿಲು ಹಾಕಿಕೊಂಡ. ಆಗ ವಾಸನೆ ಬಂತು.

ಲೋಬಾನದ ವಾಸನೆ. ಸೀಟಿನಲ್ಲಿ, ಮೇಲಿನ ಬಟ್ಟೆಯಲ್ಲಿ ಎಲ್ಲ ಇಳಿದಿತ್ತು. ಹಟ್ಟಿಯಲ್ಲಿ ಮರಿ ಹಾಕಿದ ಕುರಿಗಳಿಗೆ, ಬಾಣಂತಿಯರಿಗೆ ಲೋಬಾನ ಹಾಕುತ್ತಿದ್ದರು. ಯಾವುದನ್ನು ಉಳಿಸಿಕೊಳ್ಳಬೇಕೋ ಅದಕ್ಕೆ ಹಾಕುವ ಹೊಗೆ ಅದು. ನಿಂಗಕ್ಕ ತಲೆಗೆ ನೀರು ಹಾಕಿಕೊಂಡ ದಿನ ಕೆಂಡದ ಮೇಲೆ ಚಿಟಿಕೆ ಉದುರಿಸಿ, ಮೇಲೆ ಬುಟ್ಟಿ ಮುಚ್ಚಿ, ಕೂದಲು ಹರಡಿಕೊಂಡು ಕೂರುತ್ತಿದ್ದಳು. ಏಳು ವರ್ಷದಿಂದ ಅವನ ಮೂಗಿಗೆ ಬಂದದ್ದು ರಬ್ಬರು ಮತ್ತು ಗ್ರೀಸು. ಗಾಡಿಗೆ ಲೋಬಾನ ಹಾಕಿದ್ದಾರೆ ಎಂದರೆ ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿರಬೇಕು ಎಂದುಕೊಂಡ. ನೋಡುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒಳಗೇ ಕುಳಿತಿದ್ದ. ಹೊರಗೆ ನಿಂತಿದ್ದ ಜಂಪಣ್ಣ ಗಾಜು ತಟ್ಟಿ, "ಒಳಗೇ ನಿದ್ದೆ ಬಂತಾ?" ಎಂದ.

ಹೈವೇ ಮೇಲೆ ಓಡಿಸಿದರು. ಸ್ಟೀರಿಂಗ್ ಬಿಟ್ಟು ಬ್ರೇಕ್ ಒತ್ತಿದರೂ ಪಕ್ಕಕ್ಕೆ ಎಳೆಯಲಿಲ್ಲ. ವಾಪಸ್ ಬಂದು ಇಳಿದ ಪಾಲಯ್ಯ, ಕಾಟಯ್ಯನ ಹುಡುಗರು, ಬ್ರೋಕರುಗಳು ಎಲ್ಲರ ಎದುರಿಗೆ ಹೇಳಿದ: "ಚಿನ್ನ ಐತೆ. ತಗಳ್ರಿ."

ಹಾಗೆ ಅವನು ಹೇಳಿದ್ದನ್ನು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. 'ಪರವಾಗಿಲ್ಲ', 'ನಡೀತೈತೆ' ಇಷ್ಟೇ ಅವನ ಬಾಯಲ್ಲಿ ಬರುತ್ತಿದ್ದುದು. ಜಂಪಣ್ಣ ಅಲ್ಲೇ ಮುಂಗಡ ಕೊಟ್ಟ. ಹೆಸರು ವರ್ಗಾವಣೆ ಮುಗಿದು ಕಾರು ಕೈಗೆ ಬರಲು ಹತ್ತು ದಿನ ಎಂದಾಯಿತು.

ಆರನೆಯ ದಿನ ಮಧ್ಯಾಹ್ನ ಹೊಳಲ್ಕೆರೆಯಲ್ಲಿ ಬೇಸಿಗೆಯ ಗಾಳಿಮಳೆ ಹೊಡೆಯಿತು. ಪಾಲಯ್ಯನ ಕೋಣೆಯ ತಗಡು ಎದ್ದು, ಮೂಲೆಯಲ್ಲಿ ಮಡಿಸಿಟ್ಟಿದ್ದ ಕಂಬಳಿ ತೊಯ್ದುಹೋಯಿತು. ಎರಡು ದಿನ ಬಿಸಿಲಿಗೆ ಹಾಕಿದ. ಒಣಗಿತು, ಆದರೆ ಮುಗ್ಗು ವಾಸನೆ ಹೋಗಲಿಲ್ಲ. ರೊಟ್ಟಿ ತಂದ ತಿಪ್ಪಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಅಣ್ಣ, ಏನಿದು, ಸತ್ತ ಇಲಿ ವಾಸನೆ?"

"ಕಂಬಳಿ ಕಣಮ್ಮ. ನೀರು ಕುಡಿದೈತೆ."

"ಬಿಸಿಲಿಗೆ ಹೋಗಲ್ಲ ಅದು. ಲೋಬಾನ ಹಾಕ್ರಿ. ಎಷ್ಟೇ ಮುಗ್ಗಿದ್ರೂ ಗೊತ್ತಾಗಲ್ಲ."

ಅವಳು ಹೋದ ಮೇಲೂ ಪಾಲಯ್ಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ರೊಟ್ಟಿ ತಿನ್ನಲಿಲ್ಲ. ಹೊರಟು ದುರ್ಗದ ಬಸ್ಸು ಹತ್ತಿದ.

ಅವನು ಕಂಡಿದ್ದ ಗಾಡಿಗಳೆಲ್ಲ ಧೂಳಿನಲ್ಲಿ ಹಾಳಾದವು, ಬಿಸಿಗೆ ಹಾಳಾದವು, ಗುದ್ದಿ ಹಾಳಾದವು. ಈ ಸೀಮೆಯಲ್ಲಿ ನೀರು ಬಂತು ಎಂದರೆ ಜನ ಕೈ ಮುಗಿಯುತ್ತಾರೆ. ನೀರಿನಿಂದ ಗಾಡಿ ಹಾಳಾಗುತ್ತದೆ ಎನ್ನುವುದು ಅವನ ಲೆಕ್ಕದ ಪಟ್ಟಿಯಲ್ಲೇ ಇರಲಿಲ್ಲ. ಮದ್ರಾಸಿನಲ್ಲಿ ಹಿಂದಿನ ಡಿಸೆಂಬರಿನಲ್ಲಿ ಊರಿಗೆ ಊರೇ ಮುಳುಗಿದ್ದನ್ನು ಟೈರ್ ಅಂಗಡಿಯ ಟಿವಿಯಲ್ಲಿ ಅವನೂ ನೋಡಿದ್ದ. ಕಾಟಯ್ಯ 'ಮದ್ರಾಸು' ಎಂದದ್ದನ್ನೂ ಕೇಳಿದ್ದ. ಎರಡೂ ಒಂದಕ್ಕೊಂದು ತಾಕಿರಲಿಲ್ಲ.

ಕಾಟಯ್ಯ ಊಟಕ್ಕೆ ಹೋಗಿದ್ದ. ಹುಡುಗರು ಗುರುತಿನವರೇ, ಬೀಗ ತೆಗೆದರು. ಪಾಲಯ್ಯ ಈ ಸಲ ಮೂಗಿಗೆ ಟವೆಲು ಕಟ್ಟಿಕೊಂಡು ಒಳಗೆ ಇಳಿದ. ಸೀಟಿನ ಬೆಲ್ಟನ್ನು ಎಳೆದ. ಜನ ಹಾಕಿಕೊಳ್ಳುವಷ್ಟು ಅಲ್ಲ, ಕೊನೆಯವರೆಗೆ. ಹೊರಗೆ ಕಾಣುವಷ್ಟು ಭಾಗವನ್ನು ತೊಳೆದಿದ್ದರು. ಸುರುಳಿಯೊಳಗೆ ಉಳಿದ ಎರಡು ಗೇಣು ಕಂದುಗಟ್ಟಿ ಬಿರುಸಾಗಿತ್ತು. ಸೀಟಿನ ಕೆಳಗೆ ಕೈ ತೂರಿಸಿದ, ಬೋಲ್ಟುಗಳಿಗೆ ತುಕ್ಕು. ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದ. ಅದರ ಗುಂಡಿಯ ಸಂದಿಯಲ್ಲಿ ಬೆರಳಾಡಿಸಿದಾಗ ಹಿಟ್ಟಿನಷ್ಟು ನುಣ್ಣನೆ ಮಣ್ಣು ಬಂತು. ಕೆರೆಯ ತಳದ ಗೋಡುಮಣ್ಣು ಹೇರಿದ ಕೈ ಅದು. ಗೋಡು ಯಾವುದು, ಧೂಳು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿಂದ ಅವನು ಭೀಮಸಮುದ್ರಕ್ಕೆ ಹೋದ. ದಾರಿಯುದ್ದಕ್ಕೂ ಅವನಿಗೆ ಒಂದು ವಿಷಯ ಸ್ಪಷ್ಟವಿತ್ತು. ಸುಮ್ಮನಿದ್ದರೆ ಭಾನುವಾರಗಳು ಇರುತ್ತವೆ. ಒಂದು ಮಳೆಗಾಲದವರೆಗೆ, ಬಹುಶಃ ಎರಡು. ಕೆಟ್ಟ ಮೇಲೆ, 'ನಿಂತ ಗಾಡಿ, ಏನು ಮಾಡಾಣ' ಎಂದರೆ ಜಂಪಣ್ಣ ನಂಬುತ್ತಾನೆ. ಅವನು ಅದನ್ನು ಒಂದೆರಡು ಸಲ ಯೋಚಿಸಿದ್ದು ಸುಳ್ಳಲ್ಲ. ಆಮೇಲೆ ತಿಪ್ಪಮ್ಮನ ಹತ್ತಿರ ಅವನೇ ಒಪ್ಪಿಕೊಂಡಿದ್ದ.

ಜಂಪಣ್ಣ ಅಡಿಕೆ ಆರಿಸುವ ಅಂಗಳದಲ್ಲಿದ್ದ. ದೊಡ್ಡಣ್ಣ ಕಾಟಲಿಂಗಪ್ಪ ಕುರ್ಚಿಯ ಮೇಲೆ ಕೂತಿದ್ದ. ಹೆಂಗಸರು ಬಲಿತ ಗೋಟು ಅಡಿಕೆ ಬೇರೆ ಮಾಡುತ್ತಿದ್ದರು.

"ಸಾವ್ಕಾರ್ರೇ, ಆ ಕಾರು ತಗಬೇಡ್ರಿ."

ಜಂಪಣ್ಣ ನಕ್ಕ. "ಹೋದ ವಾರ ಚಿನ್ನ ಅಂದಿ."

"ಅಂದೆ."

"ಈಗೇನು, ಹಿತ್ತಾಳೆ ಆತಾ?"

"ಮುಳುಗಿ ಎದ್ದಿರೋ ಗಾಡಿ. ಒಳಗೆಲ್ಲ ಗೋಡು ಐತೆ. ವೈರು ಒಳಗೊಳಗೇ ತಿಂತಿರ್ತೈತೆ. ನಾನು ಸರಿಯಾಗಿ ನೋಡಲಿಲ್ಲ."

ಕಾಟಲಿಂಗಪ್ಪ ಕುರ್ಚಿಯಿಂದಲೇ, "ತಮ್ಮಾ, ನಿನ್ನ ಕಾರು ಈಜು ಕಲಿತೈತಂತೆ ಕಣೋ. ಇನ್ನೇನು, ಕೆರೆ ಏರಿ ಮ್ಯಾಲೆ ಯಾಕೆ, ಕೆರೆಯೊಳಗೇ ಓಡಿಸು" ಎಂದ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ಜಂಪಣ್ಣನ ಮುಖ ಇಳಿಯಿತು. ಎರಡು ಹೆಜ್ಜೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: "ನೀನು ಮೊದ್ಲೇ ಬ್ಯಾಡ ಅಂದಿದ್ರೆ ಅಲ್ಲಿಗೇ ಬಿಡ್ತಿದ್ದೆ. ಊರಿಗೆಲ್ಲ ಹೇಳ್ಕೊಂಡು ತಿರುಗಿದೆ ನಾನು. ಒಂದು ಗಾಡಿ ನೋಡೋಕೆ ಎರಡು ಬಾಯಿ ಯಾಕೆ ಬೇಕಾತು ನಿಂಗೆ?"

ಪಾಲಯ್ಯನಲ್ಲಿ ಉತ್ತರ ಇತ್ತು. ನನಗೂ ಆ ಸೀಟು ಬೇಕಾಗಿತ್ತು, ಬೇಕು ಅಂದವನು ನೋಡಬಾರದು, ಅದಕ್ಕೇ ಹೀಗಾಯಿತು ಎಂದು ಹೇಳಬಹುದಿತ್ತು. ಅಷ್ಟು ಜನರ ಎದುರಿಗೆ ಅದು ಬಾಯಿಗೆ ಬರಲಿಲ್ಲ. "ತಪ್ಪಾತು" ಎಂದಷ್ಟೇ ಹೇಳಿ ಬಸ್ಸಿಗೆ ನಡೆದ. ಜಂಪಣ್ಣ ಕಾರು ತೆಗೆದುಕೊಳ್ಳಲಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ. ಆಮೇಲೆ ಅವನು ಹೊಳಲ್ಕೆರೆಯ ಟೈರ್ ಅಂಗಡಿಯ ಕಡೆ ಬರುವುದನ್ನೂ ಬಿಟ್ಟ.

ಅಲ್ಲಿಗೆ ಮುಗಿಯಬಹುದಿತ್ತು. ಎರಡು ವಾರದ ಮೇಲೆ ಹೊಸದುರ್ಗದಿಂದ ಗುರುತಿಲ್ಲದ ಯಾರೋ ಒಬ್ಬ ಫೋನು ಮಾಡಿದ. "ಪಾಲಯ್ಯನೋರಾ? ಕಾಟಯ್ಯನ ಯಾರ್ಡಿನಾಗೆ ಕೆಂಪು ಕಾರು ಐತಲ್ಲ, ಅದನ್ನ ನೀವೇ ಪಾಸು ಮಾಡಿದೀರಂತೆ. ಚಿನ್ನ ಅಂದ್ರಂತೆ. ನಿಜವಾ?"

"ಅಂದಿದ್ದೆ. ಅದು ತಪ್ಪು. ತಗಬೇಡ್ರಿ."

ಫೋನು ಇಟ್ಟ ಮೇಲೆ ಪಾಲಯ್ಯನಿಗೆ ಅರ್ಥವಾಯಿತು. ಅವನು ಹಿಂದಕ್ಕೆ ತೆಗೆದುಕೊಂಡದ್ದು ಜಂಪಣ್ಣನ ಅಂಗಳದಲ್ಲಿ. ಆಡಿದ್ದು ಬ್ರೋಕರುಗಳ ನಡುವೆ. ಆಡಿದ ಮಾತು ಇನ್ನೂ ಆ ಯಾರ್ಡಿನಲ್ಲೇ ಇತ್ತು, ಕಾರಿನ ಜೊತೆಗೇ ಮಾರಾಟಕ್ಕೆ ನಿಂತಿತ್ತು. ಎಲ್ಲರೂ ಫೋನು ಮಾಡಿ ಕೇಳುವುದಿಲ್ಲ.

ಮರುದಿನ ಎಂಟರ ಬಸ್ಸಿಗೆ ಹೋಗಿ ಯಾರ್ಡಿನ ಗೇಟಿನ ಆಚೆ, ಸರ್ವಿಸ್ ರಸ್ತೆಯ ಅಂಚಿನ ಹೊಂಗೆ ಮರದ ಕೆಳಗೆ ಕುಳಿತ. ಕಾಟಯ್ಯ ನೋಡಿ ಹೊರಗೆ ಬಂದ.

"ಏನಪ್ಪ ಪಾಲಣ್ಣ, ಇಲ್ಲಿ?"

"ಕೆಂಪು ಕಾರು ನೋಡೋಕೆ ಬಂದೋರಿಗೆ, ನಾನು ಹೇಳಿದ್ದು ತಪ್ಪು ಅಂತ ಹೇಳೋಕೆ ಕುಂತಿದೀನಿ."

"ನನ್ನ ಗೇಟಿನಾಗೆ ಇದು ನಡೆಯಲ್ಲ."

"ಗೇಟು ನಿಂದು. ಮರ ಸರ್ಕಾರದ್ದು."

ಕಾಟಯ್ಯನಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ. "ನಾನೇನು ಅದನ್ನ ನೀರಿಗೆ ತಳ್ಳಿದ್ನಾ? ಹರಾಜಿನಾಗೆ ತಂದೆ, ತೊಳೆದು ಒಣಗಿಸಿ ನಿಲ್ಸಿದೀನಿ. ಓಡ್ತೈತೋ ಇಲ್ವೋ, ಹೇಳು."

"ಓಡ್ತೈತೆ."

"ಮತ್ತೆ?"

"ನೀರು ಕುಡಿದೈತೆ ಅಂತ ಹೇಳಿ ಮಾರಪ್ಪ. ಈಗ್ಲೇ ಎದ್ದು ಹೋಗ್ತೀನಿ."

"ಹಂಗಂದ್ರೆ ಯಾರು ತಗಂತಾರೆ?"

"ಅದೂ ನಿಜ" ಎಂದ ಪಾಲಯ್ಯ. ಏಳಲಿಲ್ಲ.

ದಿನಾ ಬಂದ. ಬೆಳಿಗ್ಗೆ ಎಂಟರ ಬಸ್ಸು, ಸಂಜೆ ಆರರ ಬಸ್ಸು. ತಿಪ್ಪಮ್ಮ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದಳು. ಲಾರಿಗಳು ಗಾಳಿ ಹೊಡೆದುಕೊಂಡು ಹೋಗುತ್ತಿದ್ದವು. ಅವನು ಶಬ್ದದ ಮೇಲೇ, ಇದಕ್ಕೆ ಲೋಡು ಜಾಸ್ತಿ, ಇದರ ಸೈಲೆನ್ಸರ್ ಒಡೆದಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಕ್ಕದ ಟೀ ಅಂಗಡಿಯವರು ಮೊದಮೊದಲು, "ಕಾಟಯ್ಯ ಹೊಸ ವಾಚ್‌ಮನ್ ಇಟ್ಟಾನೆ" ಎಂದು ಆಡಿಕೊಂಡರು. ಆಮೇಲೆ ಅವನು ಮರದ ಹಾಗೆ ಆಗಿಬಿಟ್ಟ, ಯಾರೂ ಗಮನಿಸಲಿಲ್ಲ. ಕಾರು ನೋಡಲು ಬಂದವರಲ್ಲಿ ಹೆಚ್ಚಿನವರು ಗಾಡಿ ನಿಲ್ಲಿಸದೆ ಸೀದಾ ಒಳಗೆ ಹೋಗುತ್ತಿದ್ದರು. ಅವನು ಎದ್ದು ಮಂಡಿ ನೆಟ್ಟಗೆ ಮಾಡುವುದರೊಳಗೆ ಗೇಟು ದಾಟಿರುತ್ತಿದ್ದರು. ಅವರು ಹೊರಗೆ ಬರುವವರೆಗೆ ಕಾದು, ಅಡ್ಡ ನಿಂತು ಹೇಳುತ್ತಿದ್ದ. ಒಬ್ಬ, "ನಿಂಗೆಷ್ಟು ಕೊಡಬೇಕು ಅದನ್ನ ಹೇಳು" ಎಂದ. ಇನ್ನೊಬ್ಬ ಕಿಟಕಿಯ ಗಾಜು ಏರಿಸಿದ.

ದಾವಣಗೆರೆ ಕಡೆಯ ಗಂಡ ಹೆಂಡತಿ ಮಾತ್ರ ನಿಂತು ಕೇಳಿದರು. ಗಂಡ, "ನೀವು ಯಾರು?" ಎಂದ.

"ಪಾಲಯ್ಯ ಅಂತಾರೆ."

"ಪಾಸು ಮಾಡಿದೋರು ನೀವೇ ಅಂತಲ್ಲ ಒಳಗೆ ಹೇಳಿದ್ದು."

"ನಾನೇ. ಅದಕ್ಕೇ ನಾನೇ ಹೇಳಬೇಕು."

ಹೆಂಡತಿ ಗಂಡನ ತೋಳು ಹಿಡಿದು, "ನಡೀರಿ ಹೋಗಾಣ" ಎಂದಳು. ಹೋಗುವಾಗ ಅವಳು ತಿರುಗಿ ಒಂದು ಸಲ ನೋಡಿದಳು.

ಒಂಬತ್ತನೇ ದಿನ ಮುಂಗಾರು ಹಿಡಿಯಿತು. ಪಾಲಯ್ಯ ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಅಲ್ಲೇ ಕುಂತ. ಹನ್ನೊಂದನೇ ದಿನ ಕಾಟಯ್ಯ ಯಾರಿಗೋ ತೋರಿಸಲು ಕಾರಿನ ಕೀ ತಿರುಗಿಸಿದಾಗ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಿಹೋದವು. ಮತ್ತೆ ಹತ್ತಲಿಲ್ಲ. ವೈಪರು ಒಂದು ಮಾತ್ರ ಯಾರೂ ಹೇಳದೆ ಅರ್ಧ ಎದ್ದು ನಿಂತುಕೊಂಡಿತು. ಬಂದವರು ಹೊರಟುಹೋದರು. ಮಧ್ಯಾಹ್ನಕ್ಕೆ ಬೆಂಗಳೂರಿನಿಂದ, ಬಿಡಿಭಾಗಕ್ಕೆ ಗಾಡಿ ಬಿಚ್ಚುವವರ ಲಾರಿ ಬಂತು. ಕಾರು ಬಿಡಿಭಾಗಕ್ಕೆ ಹೋದದ್ದು ಪಾಲಯ್ಯ ಕುಂತದ್ದರಿಂದಲೋ ಮಳೆಯಿಂದಲೋ ಹೇಳುವುದು ಕಷ್ಟ. ಕಾಟಯ್ಯನನ್ನು ಕೇಳಿದರೆ ಮಳೆ ಎನ್ನುತ್ತಾನೆ.

ಸರಪಳಿ ಹಾಕಿ ಎಳೆದು ಲಾರಿಯ ಮೇಲೆ ಏರಿಸುವುದನ್ನು ಪಾಲಯ್ಯ ಎದ್ದು ನಿಂತು ನೋಡಿದ. ಕಾಟಯ್ಯ ಅವನ ಪಕ್ಕಕ್ಕೆ ಬಂದು ನಿಂತ.

"ಸಮಾಧಾನ ಆತಾ?"

ಪಾಲಯ್ಯ ಟವೆಲಿನಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡ.

"ಹನ್ನೊಂದು ದಿನ ಕುಂತ್ರಲ್ಲ. ಎಷ್ಟು ಜನ ಕೇಳಿದ್ರು ನಿಮ್ಮ ಮಾತು?"

"ಇಬ್ರು. ಗಂಡ ಹೆಂಡ್ತಿ."

"ಇಬ್ರು" ಎಂದ ಕಾಟಯ್ಯ. "ಮಳೇಲಿ ನೆನೀಬೇಡ್ರಿ, ಮನೆಗೆ ಹೋಗ್ರಿ" ಎಂದು ಒಳಗೆ ಹೋದ. ಅವನು ಪಾಲಯ್ಯನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಪಾಲಯ್ಯನಿಗೆ ಅದು ಗೊತ್ತಾಗಲಿಲ್ಲ.

ಆಮೇಲೆ ಗಾಡಿ ನೋಡಲು ಅವನನ್ನು ಕರೆಯುವವರು ಕಡಿಮೆಯಾದರು. ಕರೆದವರಿಗೆ ಅವನು ಮೊದಲೇ, "ನಾನು ಒಂದ್ಸಲ ತಪ್ಪು ನೋಡಿದೀನಿ, ಗೊತ್ತಿರ್ಲಿ" ಎಂದು ಹೇಳಿಬಿಡುತ್ತಿದ್ದ. ಅದನ್ನು ಕೇಳಿ ಅರ್ಧ ಜನ ಬೇರೆಯವರ ಹತ್ತಿರ ಹೋಗುತ್ತಿದ್ದರು. ಉಳಿದವರ ಗಾಡಿಯಲ್ಲಿ ಅವನು ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುತ್ತಿದ್ದ. ಹೀಗೆ ಎರಡೂವರೆ ವರ್ಷ ನಡೆಯಿತು.

ಆದರೆ ಆ ಕಾರು ಹೋದ ಮರುದಿನದ್ದೊಂದು ಸಂಗತಿ ಇದೆ. ಪಾಲಯ್ಯ ಎಂದಿನ ಹಾಗೆ ಎದ್ದು, ಮುಖ ತೊಳೆದು, ರೊಟ್ಟಿಯ ಗಂಟು ಕಟ್ಟಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದ. ಎಂಟರ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ. ಬಸ್ಸು ಊರು ದಾಟಿದ ಮೇಲೆ, ಇವತ್ತು ಹೋಗಬೇಕಾದ್ದು ಏನೂ ಇಲ್ಲ ಎಂದು ಅವನಿಗೆ ನೆನಪಾಯಿತು. ಕಂಡಕ್ಟರ್ ಬ್ಯಾಗು ಕುಲುಕುತ್ತ ಬಂದ.

"ಏನಜ್ಜ, ದುರ್ಗಕ್ಕೇ ಅಲ್ವಾ?"

ಪಾಲಯ್ಯ ಹೊರಗೆ ನೋಡಿದ. ಮಳೆ ನಿಂತು ಹೊಲಗಳ ಮೇಲೆ ಬಿಸಿಲು ಬಿದ್ದಿತ್ತು. ವಾಪಸ್ ಇಳಿದರೆ ಕೋಣೆ.

"ಹ್ಞೂಂ, ದುರ್ಗಕ್ಕೇ ಕೊಡಪ್ಪ" ಎಂದ.